ರೊಕ್‌ನ ಬಾಯಲ್ಲಿ ನೆನೆದ ಎಳ್ಳು

"ಹೆಸರು ಹೇಳು, ಆಮೇಲೆ ಊದ್ತೀನಿ," ಎಂದು ಬ್ಯಾಂಡಿನ ಅನಕ್ಲೆತೊ ಕಹಳೆಯನ್ನು ಕಂಕುಳಲ್ಲಿ ಒತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತ. ಒಳಗೆ ರೊಕ್ ಟೆಲಿಸ್ ಕಪ್ಪು ಸೂಟು ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದ. ಇಗರ್ಜಿಯ ಗಂಟೆ ಆಗಲೇ ಒಮ್ಮೆ ಬಡಿದಿತ್ತು. ಬ್ಯಾಂಡಿಲ್ಲದೆ ಹೆಣ ಎತ್ತಿದ್ದು ನಮ್ಮ ವಾಡೆಯಲ್ಲಿ, ಇಡೀ ಕೇರಿಯಲ್ಲಿ, ಯಾರಿಗೂ ನೆನಪಿಲ್ಲ.

"ಟಿಯು, ಇವತ್ತಾದ್ರೂ ಬಿಡಿ ಮಾವ," ಎಂದಳು ರೊಕ್‌ನ ಮಗಳು ಇರ್ಮಿನಾ.

"ನಿಮ್ಮಪ್ಪ ಆರು ವರ್ಷ ಬಾಯಿ ಹೊಲ್ಕೊಂಡಿದ್ದ. ಈಗ ಅಂಗಡಿ ನಿಂದು, ದಾಖಲೆ ನಿಂದು. 'ಬೇಸೂರು' ಅನ್ನೋ ತಾಣ ಯಾರದು, ಹೇಳು."

"ನಂದಂತೂ ಅಲ್ಲ," ಎಂದ ರೊಟ್ಟಿಯ ಪೆದ್ರು. "ನಾನು ಬರೆದಿದ್ರೆ ಇನ್ನೂ ಕೆಟ್ಟದಾಗಿ ಬರೀತಿದ್ದೆ."

ಹೆಣದ ಮುಂದೆಯೇ ಎಲ್ಲರೂ ನಕ್ಕರು. ಅನಕ್ಲೆತೊನ ತಾಯಿ, ಒಂದು ಕಾಲಕ್ಕೆ ಊರ ಮಕ್ಕಳಿಗೆಲ್ಲ ಹಾಡು ಕಲಿಸಿದ ಮಾಯ್ ಯುಫೇಮಿಯಾ ಕೂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

ರೊಕ್‌ನದು ಮಡಗಾಂವದಲ್ಲಿ ಅಂತರ್ಜಾಲ ತಾಣಗಳಿಗೆ ಹೆಸರು ನೋಂದಾಯಿಸಿಕೊಡುವ ಅಂಗಡಿ. ತಾಣದ ಒಡೆಯ ಯಾರೆಂದು ಹೊರಗಿನವರು ಹುಡುಕಿದರೆ ಸಿಗುವುದು ಅಂಗಡಿಯ ವಿಳಾಸ ಮಾತ್ರ. ನಮ್ಮೂರವರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ರೊಕ್‌ನ ಬಾಯಲ್ಲಿ ನೆನೆದು, ಮೊಳೆತು, ಗಿಡವೇ ಆಗಿತ್ತು. ಅದಕ್ಕೇ ಎಲ್ಲರೂ ಅವನಲ್ಲಿಗೇ ಹೋಗುತ್ತಿದ್ದೆವು.

* * *

'ಬೇಸೂರು', ಅಂದರೆ ಅಪಸ್ವರ, ಎಂಬ ತಾಣ ಹುಟ್ಟಿದ ಮೇಲೆ ಅನಕ್ಲೆತೊನ ಬ್ಯಾಂಡು ಎಲ್ಲೇ ಊದಲಿ, ಮರುದಿನ ಅಲ್ಲೊಂದು ವಿಮರ್ಶೆ ಬರುತ್ತಿತ್ತು. ಮೊದಲನೆಯದೇ ಹೀಗಿತ್ತು: 'ಕೊನೆಯವರೆಗೆ ಸಹಿಸಿಕೊಂಡದ್ದು ಹೆಣವೊಂದೇ.' ಅನಕ್ಲೆತೊ ಫೆನಿ ಬಾಟಲಿ ಹಿಡಿದು ನೇರ ಅಂಗಡಿಗೆ ಬಂದ.

"ಕುಡಿ. ಹೇಳು."

ರೊಕ್ ಕುಡಿದ, ಹೇಳಲಿಲ್ಲ. "ಕೋರ್ಟಿನ ಆದೇಶ ತಗೊಂಡು ಬಾ, ಕೊಡ್ತೀನಿ. ನಿನ್ನ ಸಿಟ್ಟಿಗೆಲ್ಲ ಕೊಡೋಕಾಗಲ್ಲ."

"ಒಂದೇ ಬೆಂಚಲ್ಲಿ ಕೂತು ಓದಿದೋರಲ್ವೇನೋ?"

"ಅದಕ್ಕೇ ನಿನ್ನ ಫೆನಿ ಕುಡಿದೆ. ನಾಳೆ ನಿನ್ನ ಗುಟ್ಟು ಕೇಳ್ಕೊಂಡು ಯಾರಾದ್ರೂ ಬಾಟ್ಲಿ ತಂದ್ರೆ ಏನ್ಮಾಡ್ಲಿ?"

"ನೋಡ್ತಿರು, ನಿನ್ನ ಹೆಣಕ್ಕೆ ನಾನು ಊದಲ್ಲ!"

"ಬದುಕಿದೆ," ಎಂದು ರೊಕ್ ನಕ್ಕ. ಪಕ್ಕದ ಮೇಜಿನಲ್ಲಿದ್ದ ಇರ್ಮಿನಾಳಿಗೂ ನಗು ತಡೆಯಲಾಗಲಿಲ್ಲ.

ಆ ಹಠಕ್ಕೆ ಅನಕ್ಲೆತೊ ದಿನಾ ಬೆಳಗ್ಗೆ ಎರಡು ತಾಸು ಅಭ್ಯಾಸಕ್ಕೆ ಕುಳಿತ. ವರ್ಷ ಕಳೆಯುವುದರಲ್ಲಿ ಬ್ಯಾಂಡು ಕೇಳುವ ಹಾಗಾಯಿತು. ಅದನ್ನು ಅವನೆದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

* * *

ಗಂಟೆ ಎರಡನೇ ಸಲ ಬಡಿಯಿತು. ಇರ್ಮಿನಾ ಅಪ್ಪನ ಮುಖ ನೋಡಿದಳು. ವಾಡೆಯ ಪ್ರತಿ ಹೆಣದ ಹಿಂದೆಯೂ ನಡೆದವನನ್ನು ದಿಕ್ಕಿಲ್ಲದವನಂತೆ ಸದ್ದಿಲ್ಲದೆ ಒಯ್ಯಬೇಕಲ್ಲ. ಒಂದೇ ಒಂದು ಹೆಸರು ಹೇಳಿದರೆ ಮುಗಿಯಿತು. ಅಷ್ಟರಲ್ಲಿ ಮಾಯ್ ಯುಫೇಮಿಯಾ ಏನೋ ಹೇಳಲು ಬಾಯಿ ತೆರೆದಳು. ಇರ್ಮಿನಾ ಮುದುಕಿಯ ಕೈಯನ್ನು ಬಿಗಿಯಾಗಿ ಅದುಮಿದಳು.

"ಎತ್ತಿ," ಎಂದಳು. "ಅಪ್ಪ ಸುಮ್ನೆ ಹೋಗ್ಲಿ. ಸುಮ್ನಿರೋದು ಅವರಿಗೆ ಚೆನ್ನಾಗಿ ಬರತ್ತೆ."

ಪೆಟ್ಟಿಗೆ ಹೊರಟಿತು. ಕೇಳಿಸಿದ್ದು ಚಪ್ಪಲಿಗಳ ಸದ್ದು ಮಾತ್ರ. ಪೆದ್ರುವಿನ ಭಟ್ಟಿ ದಾಟಿ ಶಿಲುಬೆಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಯಾರೋ ಗಟ್ಟಿಯಾಗಿ ಮೂಗು ಸೀಟಿಕೊಂಡರು.

"ಥೂ! ಸತ್ತ ಮೇಲೂ ಗೆದ್ದುಬಿಟ್ಟ!" ಎನ್ನುತ್ತ ಅನಕ್ಲೆತೊ ಓಡಿ ಮುಂದೆ ಬಂದು ಕಹಳೆಯನ್ನು ಬಾಯಿಗಿಟ್ಟ. ಬ್ಯಾಂಡಿನ ಉಳಿದವರೂ ಸೇರಿದರು. ಅವತ್ತು ಅವನು ಊದಿದ್ದಕ್ಕೆ ಪೆದ್ರುವೇ ಅತ್ತುಬಿಟ್ಟ.

ಇರ್ಮಿನಾಳ ತೋಳು ಹಿಡಿದು ನಡೆಯುತ್ತಿದ್ದ ಮಾಯ್ ಯುಫೇಮಿಯಾ ಕಿವಿಗೊಟ್ಟು ಕೇಳಿದಳು. "ಮೂರನೇ ಸಾಲಲ್ಲಿ ಶ್ರುತಿ ಸ್ವಲ್ಪ ಇಳೀತು," ಎಂದು ಪಿಸುಗುಟ್ಟಿದಳು. "ಹೋಗ್ಲಿ, ಅದನ್ನ ಬರೆಯಲ್ಲ. ಈ ಸಲ ಹೊಗಳ್ತೀನಿ." ನಾಳೆಯವರೆಗೆ ತಾಳ್ಮೆ ಎಲ್ಲಿಂದ ಬರಬೇಕು? ಚೀಲದಿಂದ ಫೋನು ತೆಗೆದು, ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ 'ಬೇಸೂರು' ತೆರೆದಳು.

ಅದೇ ಹೊತ್ತಿಗೆ ಅನಕ್ಲೆತೊ, ತಾಯಿ ಬರುತ್ತಿದ್ದಾಳೋ ಇಲ್ಲವೋ ಎಂದು, ಊದುತ್ತಲೇ ಹಿಂದೆ ತಿರುಗಿದ.

ಇರ್ಮಿನಾ ತಟ್ಟನೆ ಕೈಯಲ್ಲಿದ್ದ ಅಪ್ಪನ ಕಪ್ಪು ಕೊಡೆ ಬಿಚ್ಚಿ ಮುದುಕಿಯ ಮುಂದೆ ಅಡ್ಡ ಹಿಡಿದಳು. ಸಂಜೆ ಐದರ ಆ ಹೊತ್ತಿಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.