ಓಬಳಯ್ಯ ಹಿಡಿದಿದ್ದ ಹಗ್ಗ

“ಹಾಸಿನಾಗೆ ನಾಕೆಳೆ ಕಿತ್ತೋಗಿದ್ರೆ ಸಾಕು ಅಕ್ಕಾ. ನಾಕೇ ನಾಕು,” ಅಂದ ಮುದ್ದಣ್ಣ. ತನ್ನ ಪೊಲೀಸ್ ಪೇದೆಯ ಪೇಟವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ಸುತ್ತುಗಳನ್ನು ಬೆರಳಿನಿಂದ ಸವರುತ್ತಿದ್ದ.

ಕದರಮ್ಮ ಒರಳಲ್ಲಿ ಹುಣಸೆ ಬೀಜ ರುಬ್ಬುತ್ತಲೇ ಇದ್ದಳು. ಕರೇಹಟ್ಟಿಯ ಕಂಬಳಿ ನೇಯುವ ಮನೆಗಳಿಗೆಲ್ಲ ಮಧ್ಯಾಹ್ನವೆಂದರೆ ಆ ವಾಸನೆಯೇ. ಬೀಜದ ಹಿಟ್ಟನ್ನು ಕುದಿಸಿ ಸರಿ ಎಂಬ ಗಂಜಿ ಮಾಡಿ, ಓಣಿಯ ಉದ್ದಕ್ಕೂ ಎಳೆದು ಕಟ್ಟಿದ ಉಣ್ಣೆ ಎಳೆಗಳ ಹಾಸಿನ ಮೇಲೆ ಕುಂಚದಿಂದ ಬಳಿಯಬೇಕು. ಕುದಿಸಿದ ಸರಿ ನಾಳೆಗೆ ಉಳಿಯುವುದಿಲ್ಲ. ಅದಕ್ಕೇ ಅವಳು ಅವತ್ತೂ, ಊರೆಲ್ಲ ಬಾವುಟ ಹಿಡಿದು ಚಾವಡಿಗೆ ಹೋದ ದಿನವೂ, ಓಣಿಯಲ್ಲೇ ಇದ್ದಳು.

ಇಪ್ಪತ್ತು ದಿನವಾಗಿತ್ತು. ಅರಸರ ಆಳ್ವಿಕೆಯಲ್ಲಿ ಜನರಿಗೆ ಜವಾಬ್ದಾರಿ ಸರ್ಕಾರ ಬೇಕು ಅಂತ ಕೂಗುವ ಜನ ಓಣಿಯ ಆ ತುದಿಗೆ, ಚಾವಡಿಯ ಮುಂದೆ. ರಸ್ತೆಯ ಕಡೆಯ ಈ ತುದಿಗೆ ಪೊಲೀಸರು. ನಡುವೆ ಅವಳ ಹಾಸು. ಕಟ್ಟಿದ ಹಾಸನ್ನು ಕರೇಹಟ್ಟಿಯಲ್ಲಿ ಯಾರೂ ದಾಟುವುದಿಲ್ಲ. ಮದುವೆ ದಿಬ್ಬಣವೂ ಕೆರೆ ಸುತ್ತಿಕೊಂಡು ಹೋಗುತ್ತದೆ. ಒದ್ದೆಯಾದಂತೆ ಜೋಲುವ ಹಾಸನ್ನು ಬಿಗಿಮಾಡಲು ಚಾವಡಿಯ ಕಡೆಯ ಗೂಟದ ಬಳಿ ನೆರೆಮನೆಯ ಮುದುಕ ಓಬಳಯ್ಯ ಹಗ್ಗ ಹಿಡಿದು ಕೂತಿದ್ದ. ಬಿಸಿಲಿಗೆ ಎಳೆಗಳು ಹೊಳೆಯುತ್ತಿದ್ದವು. ಎಲ್ಲೋ ದೂರದಲ್ಲಿ, ಬೇರೆಯವರ ಕನಸಿನಲ್ಲಿ ಕೇಳಿದಂತೆ, ಕೂಗು. ಆಮೇಲೆ ಅವಳ ಕುಂಚದ ಕೆಳಗೆ ಹಾಸು ಇದ್ದಕ್ಕಿದ್ದಂತೆ ಮೆತ್ತಗಾಯಿತು. ತಲೆಯೆತ್ತಿ ನೋಡಿದರೆ ಓಬಳಯ್ಯ ಹಗ್ಗದ ಮೇಲೆ ಒರಗಿದ್ದ, ತೂಕಡಿಸಿದವನ ಹಾಗೆ.

ಓಬಳಯ್ಯ ಸತ್ತ ಆ ದಿನದಿಂದ ಹುಲಿಕುಂಟೆಯಿಂದ ಶಿರಾದವರೆಗೆ ಒಂದೇ ಮಾತು: ಮೊದಲು ಕಲ್ಲೋ, ಮೊದಲು ಗುಂಡೋ. ಕಲ್ಲು ಮಳೆ ಸುರಿದ ಹಾಗೆ ಬಂತು ಅಂತ ಶಾನುಭೋಗ ವೆಂಕಟರಾಮಯ್ಯ ಬರೆದುಕೊಟ್ಟಿದ್ದರು. ಒಂದು ಹರಳೂ ಬೀಳಲಿಲ್ಲ ಅಂತ ಪರ್ವತಯ್ಯ ಮೇಷ್ಟ್ರು ಬರೆದುಕೊಟ್ಟಿದ್ದರು.

“ಶಾನುಭೋಗ್ರು ಅವತ್ತು ಮದ್ದಗಿರಿಗೆ ಹೋಗಿದ್ರಲ್ಲೋ?” ಎಂದು ಕಾಫಿ ಹೋಟೆಲಿನಲ್ಲಿ ಒಬ್ಬ ಕೇಳಿದರೆ, “ಹೋಗಿದ್ರು ಕಣ್ಲಾ. ಕಣ್ಣು ಊರಾಗೇ ಬುಟ್ಟೋಗಿದ್ರು,” ಎಂದು ಇನ್ನೊಬ್ಬ.

ಪೊಲೀಸರ ವರದಿಯಲ್ಲಿ ಹೀಗಿತ್ತು: ಓಬಳಯ್ಯನ ಮುಂದಾಳತ್ವದಲ್ಲಿ ಗುಂಪು ಓಣಿಯೊಳಗೆ ನುಗ್ಗಿತು, ಆ ನೂಕಾಟದಲ್ಲಿ ಹಾಸು ಹರಿಯಿತು, ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಬೇಕಾಯಿತು. ನಾಳೆ ವಿಚಾರಣೆಯ ಸಾಹೇಬರು ಓಣಿಯನ್ನೇ ನೋಡಲು ಬರುವವರಿದ್ದರು. ಹಾಸು ಮಾತ್ರ ಕದರಮ್ಮನ ಅಟ್ಟದ ಮೇಲೆ ಸುರುಳಿಯಾಗಿ, ಒಂದೆಳೆಯೂ ಕಡಿಯದೆ ಮಲಗಿತ್ತು.

“ನೌಕ್ರಿ ಹೋದ್ರೆ ಹೋಗ್ಲಿ. ಹಾಸು ಹರಿದಿಲ್ಲ ಅಂತ ಕಂಡ್ರೆ ಜೈಲಿಗಾಕ್ತಾರೆ ಕಣಕ್ಕ,” ಅಂದ ಮುದ್ದಣ್ಣ.

“ನಿನ್ ಗುಂಡೇನಾ?”

“ಮೂರು ಜನ ಹೊಡುದ್ವಿ. ನಾನು ಕಣ್ಮುಚ್ಕಂಡಿದ್ದೆ.”

ಅಮ್ಮ ಸತ್ತ ಮೇಲೆ ಅವನನ್ನು ಸಾಕಿದವಳು ಕದರಮ್ಮ. ಚಿಕ್ಕವನಿದ್ದಾಗ ಕಟ್ಟಿದ ಹಾಸಿನ ಕೆಳಗೇ ಮಲಗುತ್ತಿದ್ದ. ಎಳೆಗಳ ಸಂದಿಯಿಂದ ಬಿಸಿಲು ಅವನ ಹೊಟ್ಟೆಯ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು. ಈಗಲೂ ಆ ಗೆರೆಗಳು ಅವನ ಅಂಗಿಯ ಕೆಳಗೆ ಇದ್ದೇ ಇವೆ ಅನ್ನಿಸಿತು ಅವಳಿಗೆ.

ಗೋಡೆಯಾಚೆ ಓಬಳಯ್ಯನ ಹೆಂಡತಿ ನರಸಮ್ಮ ಯಾರಿಗೋ ಹೇಳುತ್ತಿದ್ದಳು: “ಕುರಿ ಕರುದ್ರೆ ಕುರೀಗೂ ಕೇಳ್ತಿರ್ಲಿಲ್ಲ ಅವ್ನ ದನಿ. ಅವ್ನಂತೆ ದೊಂಬಿ ಮಾಡ್ಸಿದ್ದು. ಸರ್ಕಾರದ್ ಕಾಗ್ದದಾಗೆ ಅಂಗೇ ಉಳೀತದಂತೆ.”

ಕದರಮ್ಮ ಕೈ ತೊಳೆದುಕೊಂಡು ಎದ್ದಳು. ಅಟ್ಟದಿಂದ ಹಾಸು ಇಳಿಸಿ ತಮ್ಮನ ಮುಂದಿಟ್ಟಳು. ಅದರ ಮೇಲೆ ಉಣ್ಣೆ ಕತ್ತರಿಸುವ ಕತ್ತರಿ ಇಟ್ಟಳು.

“ನೀನೇ ಕತ್ತರ್ಸು.”

ಮುದ್ದಣ್ಣ ಕತ್ತರಿ ಹಿಡಿದ. ಎಡಗೈಯ ಹೆಬ್ಬೆರಳು ತಾನಾಗಿಯೇ ಎಳೆಗಳ ಮೇಲೆ ಹೋಯಿತು, ನೂಲಿನ ಹುರಿ ನೋಡುವಂತೆ, ಅಪ್ಪ ಕಲಿಸಿದಂತೆ. ಒಂದೊಂದೇ ಎಳೆ ಸವರುತ್ತ ಹೋದ. ಕೊನೆಗೆ ಕತ್ತರಿ ಕೆಳಗಿಟ್ಟು, ಪೇಟ ಸುತ್ತಿಕೊಂಡು ಹೊರಟ. ಹೊಸಿಲಲ್ಲಿ ನಿಂತು, “ನೀನು ಮನ್ಸ್ ಮಾಡಿದ್ರೆ ಆಗ್ತದೆ ಅಕ್ಕ,” ಅಂದ.

ಬೆಳಗಾದ ಮೇಲೆ ಅವಳು ಹಾಸನ್ನು ಓಣಿಗೆ ತಂದು ಗೂಟಗಳಿಗೆ ಕಟ್ಟತೊಡಗಿದಳು. ಅತ್ತೆ ಆಂಜಿನಮ್ಮ ಬಾಗಿಲಿಗೆ ಬಂದಳು. “ಸಾವು ಕಂಡ ಹಾಸು ಕಣೇ. ಅದ್ನ ಯಾರು ನೇಯ್ತಾರೆ?”

“ನೇಯಾಕಲ್ಲ ಅತ್ತೆ,” ಅಂದಳು ಕದರಮ್ಮ. ಇಪ್ಪತ್ತು ದಿನ ಸುತ್ತಿಟ್ಟ ಉಣ್ಣೆ ಮಂಕಾಗಿತ್ತು. ಅವಳು ಹೊಸದಾಗಿ ಕುದಿಸಿದ ಸರಿಯಲ್ಲಿ ಕುಂಚ ಅದ್ದಿ ಬಳಿಯಲು ಶುರುಮಾಡಿದಳು. ಒದ್ದೆಯಾದಲ್ಲೆಲ್ಲ ಎಳೆಗಳು ಮತ್ತೆ ಕಪ್ಪಗೆ ಹೊಳೆದವು.

ಸಾಹೇಬರು ರಸ್ತೆಯಲ್ಲಿ ಮೋಟಾರು ನಿಲ್ಲಿಸಿ ನಡೆದು ಬಂದರು. ಜೊತೆಗೆ ಗುಮಾಸ್ತ, ಹಿಂದೆ ಮೂವರು ಪೇದೆಗಳು. ಸಾಹೇಬರು ಹಾಸು ದಾಟಲೆಂದು ಬೂಟುಕಾಲು ಎತ್ತಿದರು.

“ದಾಟ್ಬ್ಯಾಡಿ ಸ್ವಾಮಿ,” ಅಂದಿತು ಹಿಂದಿನಿಂದ ಒಂದು ದನಿ. ಮುದ್ದಣ್ಣನದು. ಅಂದವನಿಗೇ ತಾನು ಅಂದದ್ದು ಆಮೇಲೆ ತಿಳಿದಂತಿತ್ತು.

ಸಾಹೇಬರು ಕಾಲು ಹಿಂದಕ್ಕೆಳೆದುಕೊಂಡು ಅವನನ್ನು ನೋಡಿದರು, ಹಾಸನ್ನೂ ನೋಡಿದರು. ಗೋಡೆಯನ್ನು ಸವರಿಕೊಂಡು ಆ ತುದಿಯವರೆಗೆ ನಡೆದು ಹೋಗಿ, ಬಗ್ಗಿ ನೋಡುತ್ತ ಮರಳಿ ಬಂದರು.

“ಇದು ಆವತ್ತಿನದೇ ಏನಮ್ಮಾ?”

“ಅವತ್ತಿಂದೇ ಸ್ವಾಮಿ.”

“ಮೊದಲು ಕಲ್ಲು ಬಿತ್ತೋ, ಗುಂಡು ಹಾರಿತೋ?”

“ನಂಗೊತ್ತಿಲ್ಲ ಸ್ವಾಮಿ. ಬಳೀತಿದ್ದೆ. ಹಾಸು ಮೆತ್ತಗಾಯ್ತು. ಅಷ್ಟೇಯ ನಂಗೊತ್ತಿರೋದು.”

ಗುಮಾಸ್ತ ಲೇಖನಿ ಹಿಡಿದು ಸಾಹೇಬರ ಮುಖ ನೋಡಿದ. “ಹೇಳಿದ ಹಾಗೇ ಬರೀರಿ,” ಅಂದರು ಸಾಹೇಬರು. “ಹಾಸು ಹರಿದಿಲ್ಲ ಅಂತಲೂ ಬರೀರಿ.”

ಲೇಖನಿ ಕರಕರ ಅಂದಿತು. ನರಸಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು. ಕದರಮ್ಮ ತಮ್ಮನ ಕಡೆ ನೋಡಲಾರದೆ ತಲೆತಗ್ಗಿಸಿ ಬಳಿಯುತ್ತ ಹೋದಳು. ಸರಿ ಕುಡಿದ ಹಾಸು ಭಾರವಾಗಿ ನಡುವೆ ಜೋಲತೊಡಗಿತು. ಆ ತುದಿಯಲ್ಲಿ ಬಿಗಿಮಾಡುವವರು ಯಾರೂ ಇರಲಿಲ್ಲ. ಇನ್ನೊಂದು ಗೇಣು ಇಳಿದರೆ ಎಳೆಗಳು ಮಣ್ಣು ಮುಟ್ಟುತ್ತಿದ್ದವು.

ಮುದ್ದಣ್ಣ ಸಾಲಿನಿಂದ ಈಚೆ ಬಂದ. ಜೊತೆಯವನು ತೋಳು ಹಿಡಿದರೂ ನಿಲ್ಲಲಿಲ್ಲ. ಗೋಡೆ ಸವರಿಕೊಂಡು ಚಾವಡಿಯ ಕಡೆಯ ಗೂಟದ ತನಕ ನಡೆದು, ಓಬಳಯ್ಯ ಕೂತಿದ್ದಲ್ಲೇ ಕುಕ್ಕರುಗಾಲಲ್ಲಿ ಕೂತ. ಹಗ್ಗದ ಮೇಲೆ ಅಂಗೈಯಗಲ ಕಂದು ಕಲೆಯಿತ್ತು. ಅದರ ಮೇಲೆಯೇ ಕೈಯಿಟ್ಟು ಮೆಲ್ಲಗೆ ಎಳೆದ.

ಕುಂಚದ ಕೆಳಗೆ ಹಾಸು ಉಸಿರೆಳೆದುಕೊಂಡಂತೆ ಮೇಲೆದ್ದಿತು. ಕದರಮ್ಮ ಕುಂಚವನ್ನು ಮತ್ತೆ ಸರಿಯಲ್ಲಿ ಅದ್ದಿದಳು.