ದೋಣಿಯಷ್ಟಗಲದ ದಾರಿ

೧. ಎಲ್ಲಿಂದ ಶುರು ಮಾಡಲಿ? ಇಂಗಾಲದಿಂದ ಶುರುವಾದ ಕಥೆಯನ್ನು ನೀವು ಎರಡನೇ ಸಾಲಿಗೇ ಮಡಚಿಡುತ್ತೀರಿ, ನಾನೂ ಅಷ್ಟೇ. ಬಲೆಯಕ್ಕನಿಂದ ಶುರು ಮಾಡೋಣ. ಹರಿದ ಬಲೆ ಹೆಣೆಯುವವಳು, ಒಂಟಿ. ಮನೆಯ ಹಿಂದೆ ಉಪ್ಪುನೀರು, ಅದರ ತುಂಬ ಬೇರೂರಿ ನಿಂತ ಕಾಂಡ್ಲಾ ಮರಗಳು, ಅವುಗಳ ನಡುವೆ ದೋಣಿಯಷ್ಟೇ ಅಗಲದ ದಾರಿ. ಆಚೆ ದಡದಲ್ಲಿ ತಂಗಿ. ಅಡ್ಡ ಬಂದ ಕೊಂಬೆಗಳನ್ನು ಕತ್ತಿಯಿಂದ ಸವರುತ್ತ ಸವರುತ್ತ ಅಕ್ಕ ಹೋಗಿಬರುತ್ತಿದ್ದಳು.

೨. (ಇಲ್ಲಿ ಇಂಗಾಲ ಬರಲೇಬೇಕು. ಕ್ಷಮಿಸಿ.) ಈ ಮರಗಳು ಹೊಗೆಯಲ್ಲಿನ ಇಂಗಾಲವನ್ನು ಹೀರಿ ಕೆಸರಿನಲ್ಲಿ ಹೂತಿಡುತ್ತವಂತೆ. ದೂರದಲ್ಲೆಲ್ಲೋ ಹೊಗೆ ಬಿಡುವ ಕಂಪನಿಯೊಂದು ಅದಕ್ಕಾಗಿ ಕೇರಿಗೆ ದುಡ್ಡು ಕೊಡುತ್ತದೆ. ಹೆಸರು ಕಾರ್ಬನ್ ಕ್ರೆಡಿಟ್. ಷರತ್ತು ಒಂದೇ: ಕೊಂಬೆ ಕಡಿಯಬಾರದು. ಯಾರೊಬ್ಬರು ಕಡಿದರೂ ಎಲ್ಲರ ದುಡ್ಡೂ ನಿಲ್ಲುತ್ತದೆ. ಏನೂ ಮಾಡದಿರುವುದಕ್ಕೆ ಸಂಬಳ! ನನ್ನಂಥ ಲೇಖಕನಿಗೆ ಹೇಳಿ ಮಾಡಿಸಿದ ಸ್ಕೀಮು. ಆ ದುಡ್ಡಿನಲ್ಲಿ ಕೇರಿಗೆ ಸಿಹಿನೀರಿನ ನಲ್ಲಿ ಬಂತು. ಅಕ್ಕನೂ ಅಲ್ಲೇ ಕೊಡ ತುಂಬಿಸುತ್ತಾಳೆ. ಕೊಂಬೆಗಳು ಬೆಳೆದವು. ದಾರಿ ಮುಚ್ಚಿತು.

೩. ಈ ಭಾಗವನ್ನು ಹೊಡೆದುಹಾಕಿದ್ದೇನೆ. (ಅದರಲ್ಲಿ ಕಂಪನಿಯವನು ಖಳನಾಯಕನಾಗಿದ್ದ, ಮೀಸೆಯನ್ನೂ ಕೊಟ್ಟಿದ್ದೆ. ನಿಜಕ್ಕೂ ಅವನು ಸಭ್ಯ. ಒಂದೇ ಒಂದು ದೋಣಿಯಷ್ಟು ಜಾಗ ಎಂದು ಅಕ್ಕ ಕೇಳಿದಾಗ, ಮೇಲಿಂದ ಉಪಗ್ರಹ ನೋಡುತ್ತಿರುತ್ತದೆ ಎಂದು ಹೇಳಿ, ತಾನೇ ಕದ್ದವನಂತೆ ತಲೆ ತಗ್ಗಿಸಿದ.)

ಒಂದು ಅಂತ್ಯ: ತಂಗಿ ಬಸ್ಸಿನಲ್ಲಿ ಬರುತ್ತಾಳೆ.

"ಅವಳ ಮಂಡಿ ನೋಡಿದೀಯೇನಪ್ಪಾ ನೀನು?" ಎಂದಳು ಅಕ್ಕ, ಬಲೆಯಿಂದ ಕಣ್ಣೆತ್ತದೆ. "ಎರಡು ಬಸ್ಸು ಹತ್ತಿ ಇಳಿಯೋ ಮಂಡಿನಾ ಅದು?"

ಹಾಗಾದರೆ ಫೋನು? ಫೋನಿನಲ್ಲಿ ಮಾತು ಬೇಗ ಮುಗಿಯುತ್ತದಂತೆ. ಎದುರು ಕೂತಾಗ ಮಾತೇ ಬೇಕಿರಲಿಲ್ಲವಂತೆ.

ಇನ್ನೊಂದು ಅಂತ್ಯ: ಅಕ್ಕ ಕತ್ತಿ ಹಿಡಿದು ದೋಣಿ ಹತ್ತುತ್ತಾಳೆ. ನಾನು ಇಷ್ಟು ಬರೆದದ್ದೇ ತಡ, ಇಳಿದು ಬಂದು ಕತ್ತಿಯನ್ನು ಮೂಲೆಗಿಟ್ಟಳು. ನಲ್ಲಿ ಎಲ್ಲರದ್ದು.

"ನೀನೇ ಕಡಿ," ಎಂದಳು. "ಕಾಗದದ ಮೇಲೆ. ಅದು ಮೇಲಿಂದ ಕಾಣಿಸಲ್ಲ."

ಕಡಿದೆ. ವಿಶೇಷಣಗಳನ್ನೆಲ್ಲ ಸವರಿದೆ. ಅಕ್ಕನ ದೋಣಿ ಅರ್ಧ ಪುಟದವರೆಗೆ ಸಾಗಿತು. ಆಚೆ ಅಲುಗಾಡಿದ್ದು ತಂಗಿಯ ಕೈಯೋ, ಕೊಂಬೆಯೋ, ಕುರ್ಚಿಯಲ್ಲಿ ಕೂತ ನನಗೆ ತಿಳಿಯಲಿಲ್ಲ. ಸಾಕು, ಇಲ್ಲಿಗೆ ಮುಗಿಸುತ್ತೇನೆ ಎಂದೆ.

ಅಕ್ಕ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ಮುಗಿಸಿದ್ರೆ ಮುಚ್ಕೊಂಡುಬಿಡುತ್ತೆ ಕಣೋ. ಸ್ವಲ್ಪ ತಾಳು."

ಪೂರ್ಣವಿರಾಮವನ್ನು ಕೈಯಲ್ಲೇ ಹಿಡಿದು ಕೂತಿದ್ದೇನೆ. ನೀವೂ ಪುಟ ಮಡಚಬೇಡಿ, ಅವಳಿನ್ನೂ ನಡುವೆ ಇದ್ದಾಳೆ