ಸಾಕು ಅನ್ನುವವರೆಗೆ

ಕೇಬಲ್ ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ, ಹಾಗೆ ಸುತ್ತಿದರೆ ನಾಳೆ ನೆಲಕ್ಕೆ ಎಸೆದಾಗ ಗಂಟಾಗದೆ ಬಿಚ್ಚಿಕೊಳ್ಳುತ್ತದೆ, ಒಂದೇ ಕಡೆಗೆ ಸುತ್ತುತ್ತಾ ಹೋದರೆ ಒಳಗೊಳಗೇ ಹುರಿ ಸೇರಿ ಒಂದು ದಿನ ತಂತಿ ಸದ್ದಿಲ್ಲದೆ ಸಾಯುತ್ತದೆ, ಸೌಂಡ್ ಅಣ್ಣ ನನಗೆ ಬಾಯಿಬಿಟ್ಟು ಕಲಿಸಿದ್ದು ಇದೊಂದೇ, ಉಳಿದದ್ದೆಲ್ಲ ಈ ಮೂರು ವರ್ಷ ಅವನ ಬೆನ್ನ ಹಿಂದೆ ನಿಂತು ನೋಡಿಯೇ ಕಲಿತದ್ದು — ನೋಡಬೇಡ ಅಂತ ಯಾರೂ ಅನ್ನುವುದಿಲ್ಲ, ನೆಲ ಒರೆಸುವವಳಿಗೂ ಎರಡು ಕಣ್ಣಿದೆ ಅಂತ ಯಾರಿಗೂ ನೆನಪಿರುವುದಿಲ್ಲ. ಹಾಡು ರೆಕಾರ್ಡ್ ಮಾಡುವ ಈ ಸ್ಟುಡಿಯೋಗೆ ಇವತ್ತು ಟಿವಿಯವರು ಬಂದಿದ್ದಾರೆ, ಗಾಜಿನ ಆಚೆ ದೊಡ್ಡ ಕೋಣೆಯಲ್ಲಿ ದೀಪ, ಎರಡು ಕ್ಯಾಮೆರಾ, ಬೆಳಗಿನ ಹನ್ನೊಂದು ಗಂಟೆ, ವರ್ಷದ ಕೊನೆಯ ದಿನ, ನೇರ ಪ್ರಸಾರ, ನಿರೂಪಕ ಕೈಯಲ್ಲಿ ಹಾಳೆ ಹಿಡಿದು ವರ್ಷದ ಹತ್ತು ಸಿನಿಮಾ, ವರ್ಷದ ಹತ್ತು ಮಾತು, ವರ್ಷದ ಹತ್ತು ಜಗಳ ಅಂತ ಓದುತ್ತಿದ್ದಾನೆ, ಅವನ ಪಕ್ಕದ ಕುರ್ಚಿಯಲ್ಲಿ ಸಂಗೀತ ಮಾಡಿದ ಮೇಷ್ಟ್ರು ಕಾಲಮೇಲೆ ಕಾಲು, ಆಚೆ ಹಾಡಿದ ಮೇಡಂ, ಹಸಿರು ಸೀರೆ, ಮೈಕಿನ ಮುಂದೆ ಆಗಲೇ ನಿಂತಿದ್ದಾಳೆ. ವರ್ಷದ ಹಾಡು ಕೊನೆಗೆ ಬರುತ್ತದಂತೆ. ಬರಲಿ. ನಾನು ಕಾಯುವವಳೇ, ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಪದ್ಯ ಓದು ಅಂದರು, ಎದ್ದೆ, ಬಾಯಿ ತೆರೆದೆ, ದನಿಯೇ ಬರಲಿಲ್ಲ, ಇಡೀ ಕ್ಲಾಸು ಗೊಳ್ ಅಂತ ನಕ್ಕಿತು, ಮಾರನೇ ದಿನದಿಂದ ಹೋಗಲಿಲ್ಲ, ಅಕ್ಕ ಕೈ ಹಿಡಿದು ಇಲ್ಲಿಗೆ ಕರಕೊಂಡು ಬಂದಳು — ಇಲ್ಲಿ ನೀನು ಮಾತಾಡ್ಬೇಕಾಗಿಲ್ಲ ಕಣೆ, ಇಲ್ಲಿ ಸುಮ್ನಿರೋರಿಗೇ ಕೆಲಸ. ಕಾಲ ಬಳಿ ಫ್ಲಾಸ್ಕ್ ಇದೆ, ಬಿಸಿನೀರು. ಮತ ಎಣಿಕೆಯ ಆ ದಿನದಿಂದ ಅದಿಲ್ಲದೆ ನಾನು ಈ ಬಾಗಿಲು ದಾಟಿಲ್ಲ.

ಹತ್ತು ಮಾತು, ಹತ್ತು ಜಗಳ, ನನಗೂ ಒಂದು ಪಟ್ಟಿ ಕೊಡಿ ಸ್ವಾಮಿ, ನಾನೂ ಓದುತ್ತೇನೆ. ಈ ವರ್ಷ ಊರು ಕೇಳಿದ್ದು ಆರು ಸೆಕೆಂಡು. ಆ ಹಾಡಿನ ಉಳಿದದ್ದು ಯಾರಿಗೂ ಬೇಡ, ಚರಣ ಮುಗಿದ ಮೇಲೆ ಮೇಲೇರುವ ಒಂದು ಆಕಾರ, ಮಾತಿಲ್ಲ, ಬರೀ ಆ, ಹಕ್ಕಿ ಬಾವಿಯ ತಳದಿಂದ ನೇರ ಮೇಲೆ ಹಾರಿ ಬಂದ ಹಾಗೆ, ಮೂರು ಸಲ ಬರುತ್ತದೆ, ಮೂರನೆಯದು ಎಲ್ಲಕ್ಕಿಂತ ಎತ್ತರ. ಅದಕ್ಕೆ ಕೈ ಮೇಲೆತ್ತಿ ಒಂದು ಸುತ್ತು ತಿರುಗುವುದು, ಮಕ್ಕಳು ತಿರುಗಿದವು, ನರ್ಸುಗಳು ತಿರುಗಿದರು, ಟ್ರಾಫಿಕ್ ಪೊಲೀಸ್ ಒಬ್ಬ ವೃತ್ತದ ನಡುವೆ ನಿಂತು ತಿರುಗಿದ, ಹಲ್ಲಿನ ಪೇಸ್ಟಿನ ಜಾಹೀರಾತಿಗೆ ಅದೇ ಆ, ಹಿರಿಯ ನಟ ತೀರಿಕೊಂಡಾಗ ಅದನ್ನೇ ನಿಧಾನ ಮಾಡಿ ಅವನ ಫೋಟೋಗಳ ಹಿಂದೆ ಹಾಕಿದರು, ಜನ ಅತ್ತರು, ಅದೇ ಜನ ಸಂಜೆಗೆ ತಿರುಗಿದರು. ಗೆದ್ದ ಪಕ್ಷದವರು ಸರ್ಕಾರಕ್ಕೆ ನೂರು ದಿನ ತುಂಬಿದ ಮೆರವಣಿಗೆಯ ಲಾರಿಯ ಮೇಲೆ ಹಾಕಿ ಕುಣಿದರು, ಆಮೇಲೆ ಅವರಲ್ಲೊಬ್ಬ ಗಾಳಿ ಬಂದ ಕಡೆ ತೂರಿಕೊಂಡು ಆಚೆ ಪಕ್ಷಕ್ಕೆ ಹೋದ, ಹೋಗುವಾಗ ಹಾಡನ್ನೂ ಎತ್ತಿಕೊಂಡು ಹೋದ, ಪಲ್ಲವಿಯಲ್ಲಿ ಹೆಸರಷ್ಟೇ ಬದಲು, ಎರಡೂ ಲಾರಿ ಎದುರುಬದುರು ಬಂದು ಎರಡರಲ್ಲೂ ಒಂದೇ ಆ, ಕೆಳಗೆ ಕಲ್ಲು ತೂರಾಟ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಪಕ್ಕದ ಮನೆಯ ಫೋನಿನಲ್ಲಿ, ಎಲ್ಲಿ ಹೋದರೂ ನಮ್ಮಕ್ಕ ಆ ಅಂತ ಬಾಯಿ ತೆರೆಯುತ್ತಾಳೆ, ಎಲ್ಲಿ ಹೋದರೂ ಅದರ ಕೆಳಗೆ ಮೇಡಂ ಹೆಸರು.

ನಮ್ಮಕ್ಕ ಟ್ರ್ಯಾಕ್ ಹಾಡುವವಳು, ಅಂದರೆ ದೊಡ್ಡವರು ಬರುವ ಮೊದಲು ಹೀಗೆ ಹಾಡಿ ಅಂತ ದಾರಿ ಹಾಕಿಕೊಡುವವಳು, ದೊಡ್ಡವರು ಬಂದು ಕೇಳಿ ಕಲಿತು ಹಾಡಿದ ಮೇಲೆ ಇವಳ ದನಿ ಅಳಿಸಿಬಿಡುತ್ತಾರೆ, ಅದು ಸರಿ, ಅದು ಕೆಲಸ, ಅದಕ್ಕೆ ಅವಳು ಎಂದೂ ಗೊಣಗಲಿಲ್ಲ. ಟ್ರ್ಯಾಕ್ ಹಾಡುವವರಿಗೆ ಒಂದು ಕಟ್ಟಳೆ ಉಂಟು, ಒಳಗಿನಿಂದ ಸಾಕು ಅನ್ನುವವರೆಗೆ ನಿಲ್ಲಿಸಬಾರದು, ಕೆಮ್ಮು ಬಂದರೂ ನುಂಗಿಕೊಂಡು ಹಾಡಬೇಕು. ಎಣಿಕೆಯ ದಿನ ಅವಳಿಗೆ ಜ್ವರ. ಬಾಮ್ಮ ಪುಟ್ಟಿ, ಆ ಒಂದ್ ಸಾಲು ಅಷ್ಟೆ, ಹತ್ತು ನಿಮಿಷ, ಅಂದರು ಮೇಷ್ಟ್ರು, ಅದೇ ಸಾಲು ಕಿವಿಯಲ್ಲಿ ಮತ್ತೆ ಮತ್ತೆ ಬರುವ ಹಾಗೆ ಲೂಪ್ ಹಾಕಿಸಿದರು, ಹಾಡ್ತಾ ಇರು, ಚೆನ್ನಾಗಿರೋದು ಆರಿಸ್ಕೊತೀವಿ. ಮೊದಲ ಸಲವೇ ಬಂತು. ನನಗೆ ಮೈ ಜುಮ್ ಅಂತು. ಅಷ್ಟರಲ್ಲಿ ಫೋನಿನಲ್ಲಿ ಎಣಿಕೆ ಶುರು, ಯಾರು ಮುಂದೆ ಯಾರು ಹಿಂದೆ, ಸ್ವಲ್ಪ ಆ ಸ್ಪೀಕರ್ ತಗ್ಸೋ ಮಾರಾಯ ಕೇಳಿಸ್ತಿಲ್ಲ ಅಂದರು ಮೇಷ್ಟ್ರು, ಸೌಂಡ್ ಅಣ್ಣ ಅಕ್ಕನ ದನಿಯ ಗುಂಡಿಯನ್ನು ಕೆಳಗೆಳೆದ, ಏಳು ಜನ ಒಂದು ಫೋನಿನ ಮೇಲೆ ಬಗ್ಗಿದರು, ಗೆದ್ದ ಗೆದ್ದ, ಇಲ್ಲ ಕಣೋ ಇನ್ನೂ ನಾಲ್ಕು ಸುತ್ತಿದೆ, ಲೇ ನಿನ್ ಮಾವ ಸೋತ ನೋಡು — ನಗು, ಕೇಕೆ, ಬೆನ್ನಿಗೆ ಗುದ್ದು. ನಾನು ಬಟ್ಟೆ ಹಿಡಿದು ಈ ಗಾಜು ಒರೆಸುತ್ತಿದ್ದೆ, ಇದೇ ಗಾಜು. ಆಚೆ ಅಕ್ಕ ಹಾಡುತ್ತಿದ್ದಾಳೆ, ಬಾಯಿ ತೆರೆಯುತ್ತದೆ, ದನಿ ಇಲ್ಲ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ, ನೀರೊಳಗಿನ ಮೀನು. ಸಾಕು ಅನ್ನುವವರಿಲ್ಲ, ಅದಕ್ಕೆ ನಿಲ್ಲಿಸುತ್ತಿಲ್ಲ. ನಡುವೆ ಸಿಗುವ ಒಂದೆರಡು ಉಸಿರಿನಲ್ಲಿ ಏನೋ ಕೇಳುತ್ತಿದ್ದಾಳೆ, ತುಟಿ ಓದುವುದು ನನಗೆ ಗೊತ್ತು, ಮಾತಾಡದವರಿಗೆ ಅದು ತಾನಾಗಿ ಬರುತ್ತದೆ, ಸ್ವಲ್ಪ ಬಿಸಿನೀರು ಕೊಡ್ತೀರಾ. ಯಾರೂ ನೋಡಲಿಲ್ಲ. ಸ್ವಲ್ಪ ನೀರು. ನಾನು ಮೇಷ್ಟ್ರ ಹಿಂದೆ ಹೋಗಿ ನಿಂತೆ, ಸಾರ್ ಅಂದೆ, ಅದು ನನಗೇ ಕೇಳಿಸಲಿಲ್ಲ, ಅವರ ಕಾಲರಿನ ಮೇಲಿನ ಬೆವರು ನೋಡುತ್ತಾ ನಿಂತೆ, ಇನ್ನೊಂದು ಸಲ ಅನ್ನಬಹುದಿತ್ತು, ತೋಳು ಮುಟ್ಟಬಹುದಿತ್ತು, ನೀರು ತರುವುದಕ್ಕೆ ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ, ಆದರೆ ಕೆಂಪು ದೀಪ ಉರಿಯುವಾಗ ಒಳಗಿನ ಬಾಗಿಲು ತೆಗೆಯಬಾರದು ಅಂತ ಹೇಳಿದ್ದರಲ್ಲ, ನಾನು ಹೇಳಿದ್ದು ಕೇಳುವವಳಲ್ಲವೇ, ಮರಳಿ ಹೋಗಿ ಗಾಜು ಒರೆಸಿದೆ. ನಲವತ್ತು ನಿಮಿಷ. ಆಮೇಲೆ ಯಾರೋ ಅಯ್ಯೋ ಹುಡುಗಿ ಒಳಗಿದಾಳೆ ಕಣ್ರೋ ಅಂದು ನಕ್ಕರು, ಗುಂಡಿ ಮೇಲೇರಿಸಿದಾಗ ಸ್ಪೀಕರಿನಲ್ಲಿ ಬಂದದ್ದು ಹರಿದ ಬಟ್ಟೆಯ ಸದ್ದು. ಸಾಕಮ್ಮ ಸಾಕು, ಮೊದಲನೇದೇ ಚೆನ್ನಾಗಿತ್ತು.

ಮೊದಲನೇದೇ. ಮೇಡಂ ಬಂದು ಎರಡು ದಿನ ಒದ್ದಾಡಿದರೂ ಆ ಎತ್ತರ ಏರಲಿಲ್ಲ, ಹೋಗ್ಲಿ ಬಿಡಿ, ಆ ಸಾಲಿಗೆ ಟ್ರ್ಯಾಕ್ ಹುಡುಗೀದೇ ಇರ್ಲಿ, ಯಾರಿಗ್ ಗೊತ್ತಾಗತ್ತೆ ಅಂದರು ಮೇಷ್ಟ್ರು, ಮೇಡಂ ಕನ್ನಡಿ ನೋಡಿಕೊಳ್ಳುತ್ತಾ ಹೂಂ ಅಂದಳು, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತಿತ್ತು, ನಾನು ಕಸದ ಬುಟ್ಟಿ ಹಿಡಿದು ಅಲ್ಲೇ ಇದ್ದೆ. ಗಂಟಲ ಡಾಕ್ಟರು ಅಕ್ಕನ ಗಂಟಲಿಗೆ ದೀಪ ಬಿಟ್ಟು ನೋಡಿ, ಗಾಯದ ಮೇಲೆ ಗಾಯ ಮಾಡ್ಕೊಂಡಿದೀಯಲ್ಲಮ್ಮ, ಯಾರಾದ್ರೂ ಕೋಲು ಹಿಡಿದು ಹಾಡಿಸಿದ್ರಾ ಅಂದರು. ಈಗ ಅವಳು ಸ್ಲೇಟಿನಲ್ಲಿ ಬರೆಯುತ್ತಾಳೆ. ಉಪ್ಪು ಕಮ್ಮಿ. ಬಾಗಿಲು ಹಾಕು. ನಿನ್ನ ಜಡೆ ಬಿಚ್ಚಿದೆ. ಒಂದು ಸಂದರ್ಶನ ಬಂತು, ಮೇಡಂ ಕಣ್ಣರಳಿಸಿ, ಆ ಒಂದು ಸಾಲಿಗೆ ನಾನು ಮೂರು ತಿಂಗಳು ತಪಸ್ಸು ಮಾಡ್ದೆ ಗೊತ್ತಾ ಅಂದಳು, ನಾನು ರಿಮೋಟ್ ಎಸೆದೆ, ಅಕ್ಕ ಸ್ಲೇಟಿನಲ್ಲಿ ಬಿಡು ಅಂತ ಬರೆದಳು, ನಾನು ಒರೆಸಿದೆ, ಅವಳು ಮತ್ತೆ ಬಿಡು ಅಂತ ಬರೆದಳು. ಬಿಡಬೇಕಂತೆ. ಅಕ್ಕ, ನಿನಗೆ ಬಿಡುವುದು ಬರುತ್ತದೆ, ನನಗೆ ಸುತ್ತುವುದು ಮಾತ್ರ ಬರುತ್ತದೆ, ಒಂದೇ ಕಡೆಗೆ, ಹುರಿ ಸೇರುವ ಹಾಗೆ. ನಿನ್ನೆ ಸೌಂಡ್ ಅಣ್ಣ, ನೇರ ಪ್ರಸಾರದಲ್ಲಿ ಮೇಡಂ ಬರೀ ತುಟಿ ಅಲ್ಲಾಡಿಸ್ತಾರಂತೆ, ಹಾಡು ಪೆನ್‌ಡ್ರೈವಿಗೆ ಇಳಿಸಿಡಮ್ಮ, ನಂಗೆ ಒಂದ್ ದಮ್ ಹೊಡೀಬೇಕು ಅಂತ ಹೊರಗೆ ಹೋದ. ಪರದೆಯ ಮೇಲೆ ಪಟ್ಟಿ ಪಟ್ಟಿ, ತಬಲದ ಪಟ್ಟಿ, ಪಿಟೀಲಿನ ಪಟ್ಟಿ, ಮೇಡಂ ಪಟ್ಟಿ, ಅದರ ಕೆಳಗೆ ಹೆಸರಿಲ್ಲದ ಒಂದು ಸಣ್ಣ ಪಟ್ಟಿ, ಮೂರೇ ಮೂರು ಉಬ್ಬು, ನಮ್ಮಕ್ಕ. ಒಂದು ಗುಂಡಿ ಒತ್ತಿದರೆ ಪಟ್ಟಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದರ ದನಿ ಸಾಯುತ್ತದೆ, ಅಷ್ಟೇ ಕೆಲಸ. ಒತ್ತಿದೆ. ಇಳಿಸಿದೆ. ಅವನು ಬಂದು ಹಾಡಿನ ತಲೆ ಹತ್ತು ಸೆಕೆಂಡು, ಬಾಲ ಹತ್ತು ಸೆಕೆಂಡು ಕೇಳಿ ಸರಿ ಇದೆ ಅಂದ, ಇಲ್ಲಿ ಎಲ್ಲರೂ ಹಾಗೆ, ತಲೆ ನೋಡುತ್ತಾರೆ, ಬಾಲ ನೋಡುತ್ತಾರೆ, ಹೊಟ್ಟೆ ಯಾರೂ ನೋಡುವುದಿಲ್ಲ. ನನ್ನ ಕೆಲಸ ಹೋಗುತ್ತದೆ. ಹೋಗಲಿ.

ಈಗ ನಿರೂಪಕ ಎದ್ದು ಕೈ ಚಾಚುತ್ತಾನೆ, ವರ್ಷದ ಹಾಡು, ಇಡೀ ನಾಡೇ ಕೈಯೆತ್ತಿ ತಿರುಗಿದ ಹಾಡು, ಕೇಬಲ್ಲಿನ ಕೊನೆಯ ಸುತ್ತು ನನ್ನ ಕೈಯಲ್ಲೇ ನಿಂತಿದೆ, ಪಲ್ಲವಿ ಸರಿಯಾಗಿ ಹೋಗುತ್ತಿದೆ, ಮೇಷ್ಟ್ರು ತೊಡೆಯ ಮೇಲೆ ತಾಳ, ಚರಣ, ಮನೆಯಲ್ಲಿ ಅಕ್ಕ ಟಿವಿ ಮುಂದೆ ಕೂತಿದ್ದಾಳೆ, ನೋಡಬೇಡ ಅಂದಿದ್ದೆ, ನೋಡುತ್ತಿರುತ್ತಾಳೆ, ಬಂತು — ಮೇಡಂ ಕತ್ತೆತ್ತಿ, ಕಣ್ಣು ಮುಚ್ಚಿ, ಕೈ ಮೇಲೆ ಮಾಡಿ ಬಾಯಿ ತೆರೆದಳು. ತಬಲ ಇದೆ, ಪಿಟೀಲು ಇದೆ, ನಡುವೆ ಆರು ಸೆಕೆಂಡು ಅಕ್ಕನ ಅಳತೆಯ ಖಾಲಿ. ಬಾಯಿ ಮುಚ್ಚಲಿಲ್ಲ ಅವಳು, ಕ್ಯಾಮೆರಾ ಮುಖದ ಮೇಲೇ ಇದೆ, ಕಟ್ ಅನ್ನುವವರಿಲ್ಲ, ನೇರ ಪ್ರಸಾರಕ್ಕೆ ಕಟ್ ಇಲ್ಲ. ಇದೇನೋ ಇದು, ಎಲ್ಲಿ ಹೋಯ್ತು ವಾಯ್ಸು, ಸೌಂಡ್ ಅಣ್ಣ ಹತ್ತು ಬೆರಳಿನಲ್ಲೂ ಗುಂಡಿ ತಡಕುತ್ತಿದ್ದಾನೆ, ಮೇಷ್ಟ್ರ ಮುಖದ ನಗು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ ಇದೆ, ತಾಳ ನಿಂತಿದೆ. ಎರಡನೆಯದು. ಮತ್ತೆ ತೆರೆದಳು, ಯಾಕಮ್ಮ ತೆರೆಯುತ್ತೀಯ, ಬಾರದು ಅಂತ ಗೊತ್ತಲ್ಲ, ಆದರೆ ತೆರೆಯಲೇಬೇಕು, ಸಾಕು ಅನ್ನುವವರೆಗೆ ನಿಲ್ಲಿಸಬಾರದು, ಹಾಡು ನಿನಗೂ ನಿಲ್ಲುವುದಿಲ್ಲ. ನಗು ಬರಬೇಕಿತ್ತು ನನಗೆ. ಒಂಬತ್ತು ತಿಂಗಳು ಕಾದದ್ದು ಈ ನಗುವಿಗೆ. ಮೂರನೆಯದು, ಎಲ್ಲಕ್ಕಿಂತ ಎತ್ತರದ್ದು, ಅವಳ ಕತ್ತಿನ ನರ ಉಬ್ಬಿದೆ, ಈ ಸಲ ಬರೀ ತುಟಿಯಲ್ಲ, ನಿಜವಾಗಿ ಹಾಡಲು ಹೊರಟಿದ್ದಾಳೆ, ಮೈಕು ಸತ್ತಿದೆ, ಗಾಜಿನ ಆಚೆ ಬಾಯಿ ತೆರೆಯುತ್ತದೆ, ದನಿ ಇಲ್ಲ, ಮುಚ್ಚುತ್ತದೆ, ತೆರೆಯುತ್ತದೆ, ಹಸಿರು ಸೀರೆ ಕಾಣುತ್ತಿಲ್ಲ ನನಗೆ, ಬಾಯಿ ಮಾತ್ರ ಕಾಣುತ್ತಿದೆ, ಈ ಬಾಯಿ ನಾನು ನೋಡಿದ್ದೇನೆ, ಇದೇ ಗಾಜಿನಲ್ಲಿ, ಕೈಯಲ್ಲಿ ಬಟ್ಟೆ ಹಿಡಿದು. ಸೌಂಡ್ ಅಣ್ಣ ಕೊನೆಗೆ ಮೈಕಿನ ಗುಂಡಿ ಮೇಲಕ್ಕೆ ತಳ್ಳಿದ, ಹಾಡಿಯಾಳು ಅಂತ, ಊರಿಗೆಲ್ಲ ಕೇಳುವ ಹಾಗೆ ಮೇಡಂ ದನಿ ಬಂತು, ಒಣಗಿದ, ಸಣ್ಣ ದನಿ, ಹಾಡಲ್ಲ, ಏನೋ ಕೇಳುತ್ತಿದ್ದಾಳೆ. ಯಾರೂ ಅಲ್ಲಾಡುವುದಿಲ್ಲ. ನಿರೂಪಕ ಹಾಳೆ ನೋಡುತ್ತಾನೆ, ಮೇಷ್ಟ್ರು ನೆಲ ನೋಡುತ್ತಾರೆ. ಫ್ಲಾಸ್ಕ್ ನನ್ನ ಪಾದಕ್ಕೆ ತಾಗುತ್ತಿದೆ, ಮುಚ್ಚಳ ಸಡಿಲವಾಗಿದೆ, ಬಾಗಿಲಿಗೆ ಏಳೇ ಹೆಜ್ಜೆ, ಕೆಂಪು ದೀಪ ಉರಿಯುತ್ತಿದೆ, ಗಾಜು, ಗಾಜಿನ ಆಚೆ ಬಾಯಿ, ತೆರೆದ ಬಾಯಿ —

ಸ್ವಲ್ಪ ನೀರು ಕೊಡ್ತೀರಾ.